ಮಿತವ್ಯಯದ ವಿದ್ಯುದ್ದೀಪಗಳೂ ಗ್ರಾಮ ಮುಖಂಡರ ಕರ್ತವ್ಯವೂ

ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯು ಕನ್ನಡ ನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಇರುವುದಷ್ಟೆ. ಈ ಗಾದೆಗೆ ಮಳವಳ್ಳಿಯ ಸೀಮೆಗಿಂತ ತಕ್ಕ ನಿದರ್ಶನವು ಬೇರೆಡೆ ದೊರೆಯುವುದು ಕಷ್ಟ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್‌ರವರ ಕಾಲದಲ್ಲಿ ಕೈಗೊಂಡ ಕಾರ್ಯದ ಫಲವಾಗಿ, ಆ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪತ್ತಿಯಾದ ವಿದ್ಯುಚ್ಛಕ್ತಿಯು ೧೯೦೨ನೆಯ ಇಸವಿ ಜೂನ್ ೩೦ನೆಯ ತಾರೀಖು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ೧೯೦೫ನೆಯ ಇಸವಿ ಆಗಸ್ಟ್ ೫ನೆಯ ತಾರೀಖು ಬೆಂಗಳೂರಿನ ಬೀದಿಗಳಲ್ಲಿ ಅದೇ ಶಕ್ತಿಯಿಂದ ದೀಪಗಳು ಬೆಳಗಿದವು. ಆದರೆ ಆ ಶಕ್ತಿಯು ಹುಟ್ಟಿದ ನೆಲದ ಹಳ್ಳಿಗಳಲ್ಲಿ ಅದಾದ ಮೇಲೆಯೂ ಬಹು ವರ್ಷಗಳ ಕಾಲ ಹರಳೆಣ್ಣೆಯ ಹಣತೆ, ಹೊಂಗೆಯೆಣ್ಣೆಯ ಸೊಡರು, ಸೀಮೆಎಣ್ಣೆಯ ಬುಡ್ಡಿ ಇವೇ ರಾತ್ರಿಯ ಆಸರೆಯಾಗಿದ್ದವು. ತಂತಿಯು ತಲೆಯ ಮೇಲೆ ಹಾದುಹೋಯಿತು. ಬೆಳಕು ಮಾತ್ರ ಬೇರೆಯವರ ಪಾಲಾಯಿತು.

ಅನಂತರ ಕೃಷ್ಣರಾಜಸಾಗರದ ಕಟ್ಟೆಯು ಎದ್ದಿತು. ೧೯೪೦ರಲ್ಲಿ ಅದೇ ಮಳವಳ್ಳಿ ತಾಲ್ಲೂಕಿನಲ್ಲಿ ಶಿಂಷಾ ವಿದ್ಯುದಾಗಾರವೂ ಕೆಲಸಮಾಡತೊಡಗಿತು. ಕ್ರಮೇಣ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗ್ರಾಮಗಳಿಗೆ ಕಂಬಗಳು ಬಂದವು. ಬಡವರ ಮನೆಗೆ ಒಂದು ದೀಪವನ್ನಾದರೂ ಒದಗಿಸಬೇಕೆಂದು ಸರ್ಕಾರವು ಭಾಗ್ಯಜ್ಯೋತಿಯೆಂಬ ಯೋಜನೆಯನ್ನು ಜಾರಿಗೆ ತಂದಿತು. ಇಷ್ಟಾದರೂ ಗುಡಿಸಲಿನ ನಡುಮನೆಯಲ್ಲಿ ತೂಗುತ್ತಿದ್ದ ೪೦ ವ್ಯಾಟಿನ ಒಂಟಿ ಬಲ್ಬು ಸಂಜೆಯ ಹೊತ್ತು ಕೆಂಡದಂತೆ ಕೆಂಪಗೆ ಕಾಣುತ್ತಿತ್ತೇ ಹೊರತು, ಮಗುವಿನ ಓದಿಗಾಗಲಿ ಅಡಿಗೆಯವಳ ಕೆಲಸಕ್ಕಾಗಲಿ ಸಾಲುತ್ತಿರಲಿಲ್ಲವೆಂಬುದನ್ನು ಗ್ರಾಮದ ಹಿರಿಯರು ಮರೆತಿರಲಾರರು.

ಈಗ ಕಾಲವು ಬದಲಾಗಿದೆ. ಎಲ್.ಇ.ಡಿ. ಎಂದು ಕರೆಯಲ್ಪಡುವ ಹೊಸ ಬಗೆಯ ಬಲ್ಬು ಸಂತೆಯಂಗಡಿಯಲ್ಲಿಯೂ ದೊರೆಯುವಷ್ಟು ಸುಲಭವಾಗಿದೆ, ಕೂಲಿಯವನು ಕೊಳ್ಳಬಹುದಾದಷ್ಟು ಅಗ್ಗವಾಗಿದೆ. ಇದರಿಂದ ಗ್ರಾಮ ಜೀವನಕ್ಕೂ ಬೇಸಾಯಕ್ಕೂ ಆಗಬಹುದಾದ ಪ್ರಯೋಜನವೆಷ್ಟು, ಈವರೆಗೆ ಆಗಿರುವುದೆಷ್ಟು ಎಂಬುದನ್ನು ಮುಖಂಡರೂ ಜಮೀನುದಾರರೂ ಸಾವಧಾನವಾಗಿ ಆಲೋಚಿಸತಕ್ಕದ್ದಾಗಿದೆ. ಹಿಂದೆ ಹಳ್ಳಿಯ ಕತ್ತಲೆಗೆ ಬೆಲೆಯು ಕಾರಣವಾಗಿತ್ತು. ಇಂದು ಉಳಿದಿರುವ ಕತ್ತಲೆಗೆ ಬೆಲೆಯು ಕಾರಣವಲ್ಲ, ಅಲಕ್ಷ್ಯವೇ ಕಾರಣ.

ದೀಪವು ಅಗ್ಗವಾದ ಬಗೆ

ಹಳೆಯ ಬಲ್ಬಿನೊಳಗೆ ಸಣ್ಣದೊಂದು ಲೋಹದ ತಂತಿಯು ಕಾದು ಬೆಳ್ಳಗಾಗಿ ಬೆಳಕನ್ನು ಕೊಡುತ್ತಿತ್ತು. ಅದು ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಐದು ಪಾಲು ಮಾತ್ರ ಬೆಳಕಾಗಿ, ಉಳಿದುದೆಲ್ಲವೂ ಬಿಸಿಯಾಗಿ ವ್ಯರ್ಥವಾಗುತ್ತಿತ್ತು. ಹೊಸ ಬಲ್ಬಿನಲ್ಲಿ ಕಾಯುವ ತಂತಿಯಿಲ್ಲ. ಅರೆವಾಹಕವೆಂಬ ವಸ್ತುವಿನ ಸಣ್ಣ ಹರಳುಗಳ ಮೂಲಕ ವಿದ್ಯುತ್ತು ಹಾಯ್ದಾಗ ಅವು ನೇರವಾಗಿ ಬೆಳಕನ್ನು ಹೊರಸೂಸುವುವು. ಕೆಂಪು, ಹಸುರು ಬಣ್ಣದ ಇಂಥ ಹರಳುಗಳು ಬಹಳ ಹಿಂದೆಯೇ ಇದ್ದರೂ, ಬಿಳಿಯ ಬೆಳಕಿಗೆ ಅವಶ್ಯವಾದ ನೀಲಿಯ ಹರಳನ್ನು ಸಿದ್ಧಪಡಿಸುವುದು ದುಸ್ಸಾಧ್ಯವಾಗಿತ್ತು. ಅದನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಷಿ ಅಮಾನೊ, ಶುಜಿ ನಕಮುರ ಎಂಬ ಮೂವರು ಜಪಾನೀ ಮೂಲದ ವಿಜ್ಞಾನಿಗಳಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಹಳೆಯ ೬೦ ವ್ಯಾಟಿನ ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು ಇಂದು ೯ ವ್ಯಾಟಿನ ಬಲ್ಬು ಕೊಡುತ್ತಿರುವುದು ಇವರ ಪರಿಶ್ರಮದ ಫಲವೇ ಸರಿ.

ಮೊದಮೊದಲು ಇದರ ಬೆಲೆಯು ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. ೨೦೧೪ರ ಆರಂಭದಲ್ಲಿ ಸರ್ಕಾರದ ಪರವಾಗಿ ಸಗಟು ಕೊಳ್ಳುವಾಗಲೂ ಬಲ್ಬು ಒಂದಕ್ಕೆ ಸುಮಾರು ೩೧೦ ರೂಪಾಯಿ ಬೀಳುತ್ತಿತ್ತು. ೨೦೧೫ರ ಜನವರಿ ೫ರಂದು ಕೇಂದ್ರ ಸರ್ಕಾರವು ಆರಂಭಿಸಿದ ಕಾರ್ಯಕ್ರಮವು ಮುಂದೆ ಉಜಾಲಾ ಎಂದು ಪ್ರಸಿದ್ಧವಾಯಿತು. ಅದರಂತೆ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಳ್ಳತೊಡಗಿದ ಕಾರಣ ೨೦೧೬ರಲ್ಲಿ ಆ ಸಗಟು ಬೆಲೆಯು ೪೦ ರೂಪಾಯಿಗೂ ಕೆಳಗಿಳಿಯಿತು. ಕರ್ನಾಟಕದಲ್ಲಿ ೨೦೧೫ರ ಡಿಸೆಂಬರ್ ತಿಂಗಳಲ್ಲಿ ಹೊಸ ಬೆಳಕು ಎಂಬ ಹೆಸರಿನಿಂದ ಈ ಯೋಜನೆಯು ಜಾರಿಗೆ ಬಂದು, ೯ ವ್ಯಾಟಿನ ಬಲ್ಬು ಒಂದಕ್ಕೆ ೧೦೦ ರೂಪಾಯಿಯಂತೆ ಗ್ರಾಹಕರಿಗೆ ದೊರೆಯಿತು. ದೇಶದಲ್ಲಿ ಈ ಕಾರ್ಯಕ್ರಮದ ಮೂಲಕ ಹಂಚಿಕೆಯಾದ ಬಲ್ಬುಗಳ ಸಂಖ್ಯೆಯು ೩೬ ಕೋಟಿಯನ್ನು ಮೀರಿದೆ. ಇಂದು ದಿನವೊಂದರ ಕೂಲಿಹಣದಲ್ಲಿ ಎರಡು ಮೂರು ಒಳ್ಳೆಯ ಬಲ್ಬುಗಳನ್ನು ಅಂಗಡಿಯಲ್ಲಿಯೇ ಕೊಳ್ಳಬಹುದು.

ಮನೆಯ ಲೆಕ್ಕ

ಮಾತಿಗಿಂತ ಲೆಕ್ಕವು ಮನಸ್ಸಿಗೆ ಬೇಗ ಹಿಡಿಸುವುದು. ಒಂದು ಮನೆಯಲ್ಲಿ ೬೦ ವ್ಯಾಟಿನ ಐದು ಹಳೆಯ ಬಲ್ಬುಗಳು ದಿನಕ್ಕೆ ಐದು ಗಂಟೆ ಉರಿದರೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ ೪೫ ಯೂನಿಟ್ ಖರ್ಚಾಗುವುದು. ಅವುಗಳ ಸ್ಥಾನದಲ್ಲಿ ೯ ವ್ಯಾಟಿನ ಐದು ಹೊಸ ಬಲ್ಬುಗಳಿದ್ದರೆ ತಿಂಗಳಿಗೆ ೭ ಯೂನಿಟ್ಟೂ ತುಂಬುವುದಿಲ್ಲ. ಹಿಂದೆ ಭಾಗ್ಯಜ್ಯೋತಿಯ ಮನೆಯಲ್ಲಿ ಒಂದು ೪೦ ವ್ಯಾಟಿನ ಬಲ್ಬಿಗೆ ಬೇಕಾಗುತ್ತಿದ್ದ ವಿದ್ಯುತ್ತಿನಿಂದ ಈಗ ನಡುಮನೆ, ಅಡಿಗೆಮನೆ, ಜಗುಲಿ, ಹಿತ್ತಲು ಈ ನಾಲ್ಕು ಕಡೆಗೂ ಒಂದೊಂದು ದೀಪವನ್ನು ಹಾಕಬಹುದು. ಪ್ರತಿಯೊಂದರ ಬೆಳಕೂ ಹಳೆಯದಕ್ಕಿಂತ ಹೆಚ್ಚಾಗಿರುವುದು.

೨೦೨೩ರ ಆಗಸ್ಟ್ ತಿಂಗಳ ಬಿಲ್ಲಿನಿಂದ ಗೃಹಜ್ಯೋತಿ ಯೋಜನೆಯು ಜಾರಿಗೆ ಬಂದ ಮೇಲೆ, ಬಿಲ್ಲೇ ಇಲ್ಲದಿರುವಾಗ ಉಳಿತಾಯವೇಕೆ ಎಂಬ ಮಾತು ಜಗುಲಿಕಟ್ಟೆಗಳಲ್ಲಿ ಕೇಳಿಬರುತ್ತಿರುವುದುಂಟು. ಈ ಮಾತು ತಿಳಿಯದೆ ಆಡುವಂಥದು. ಆ ಯೋಜನೆಯಲ್ಲಿ ೨೦೦ ಯೂನಿಟ್ ಎಂಬುದು ಹೊರಗಿನ ಎಲ್ಲೆ ಮಾತ್ರ. ಪ್ರತಿ ಮನೆಗೂ ೨೦೨೨-೨೩ನೆಯ ಸಾಲಿನ ಸರಾಸರಿ ಬಳಕೆಯ ಮೇಲೆ ಅಲ್ಪ ಭಾಗವನ್ನು ಸೇರಿಸಿ ಪ್ರತ್ಯೇಕ ಮಿತಿಯನ್ನು ಗೊತ್ತುಪಡಿಸಲಾಯಿತು. ಆ ಮಿತಿಯನ್ನು ಮೀರಿದ ಭಾಗಕ್ಕೆ ಹಣ ತೆರಬೇಕು. ೨೦೦ನ್ನೇ ಮೀರಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ತೆರಬೇಕು. ಮಗಳ ಬಾಣಂತನಕ್ಕೋ ಹಬ್ಬಕ್ಕೋ ಜನ ಸೇರಿದ ತಿಂಗಳಲ್ಲಿ ಮಿತಿಯನ್ನು ದಾಟಿ ಬಿಲ್ಲು ಬಂದಾಗ ಬೆರಗಾಗುವ ಮನೆಯವರು, ತಮ್ಮ ಬಚ್ಚಲಿನಲ್ಲಿಯೂ ಕೊಟ್ಟಿಗೆಯಲ್ಲಿಯೂ ಇನ್ನೂ ಉಳಿದಿರುವ ಹಳೆಯ ಬಲ್ಬುಗಳನ್ನು ಒಮ್ಮೆ ಎಣಿಸಿ ನೋಡುವುದೊಳ್ಳೆಯದು.

ಊರಿನ ಲೆಕ್ಕ

ಇನ್ನು ಕೆಲವರು, ಪಂಪ್‌ಸೆಟ್ಟುಗಳು ಎಳೆಯುವ ವಿದ್ಯುತ್ತಿನ ಮುಂದೆ ಬಲ್ಬಿನ ಉಳಿತಾಯವು ಎಷ್ಟರದು ಎನ್ನುವರು. ಇದು ತಳ್ಳಿಹಾಕತಕ್ಕ ಮಾತಲ್ಲ. ಐದು ಅಶ್ವಶಕ್ತಿಯ ಒಂದು ಪಂಪ್‌ಸೆಟ್ಟು ಎಳೆಯುವಷ್ಟು ವಿದ್ಯುತ್ತಿನಿಂದ ೯ ವ್ಯಾಟಿನ ನಾಲ್ಕು ನೂರಕ್ಕೂ ಹೆಚ್ಚು ಬಲ್ಬುಗಳು ಉರಿಯಬಲ್ಲವು. ಆದರೆ ವಿದ್ಯುತ್ತಿನಲ್ಲಿ ಎಷ್ಟು ಎಂಬುದರಂತೆಯೇ ಯಾವ ಹೊತ್ತಿನಲ್ಲಿ ಎಂಬುದೂ ಮುಖ್ಯವಾದುದು. ದೀಪಗಳೆಲ್ಲವೂ ಸಂಜೆ ಆರರಿಂದ ಹತ್ತು ಗಂಟೆಯೊಳಗೆ ಒಂದೇ ಸಲ ಹೊತ್ತಿಕೊಳ್ಳುವುವು. ೨೦೦ ಮನೆಗಳುಳ್ಳ ಒಂದು ಗ್ರಾಮದಲ್ಲಿ ಮನೆಗೆ ಐದರಂತೆ ೬೦ ವ್ಯಾಟಿನ ಬಲ್ಬುಗಳು ಒಟ್ಟಿಗೆ ಉರಿದರೆ ೬೦ ಕಿಲೋವ್ಯಾಟ್ ಬೇಕು; ೯ ವ್ಯಾಟಿನವಾದರೆ ೯ ಕಿಲೋವ್ಯಾಟ್ ಸಾಕು. ಈ ೫೧ ಕಿಲೋವ್ಯಾಟಿನ ವ್ಯತ್ಯಾಸವು, ಗ್ರಾಮಗಳಲ್ಲಿ ಸಾಧಾರಣವಾಗಿ ಕಾಣುವ ೬೩ ಕೆ.ವಿ.ಎ. ಪರಿವರ್ತಕವೊಂದರ ಬಹುಪಾಲು ಶಕ್ತಿಗೆ ಸಮಾನವಾದುದು. ಪರಿವರ್ತಕವು ಸುಟ್ಟುಹೋಗಿ ಊರಿಗೆ ಊರೇ ದಿನಗಟ್ಟಲೆ ಕತ್ತಲೆಯಲ್ಲಿ ಕುಳಿತ ಅನುಭವವುಳ್ಳವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ವಿಶ್ವೇಶ್ವರಯ್ಯ ನಾಲೆಯ ಬಯಲಿನ ರೈತರಿಗೆ ಈ ವಿಷಯವು ನೀರಿನ ಉಪಮಾನದಿಂದ ಸುಲಭವಾಗಿ ತಿಳಿಯುವುದು. ತೂಬಿನ ಬಳಿಯ ಗದ್ದೆಯವನು ಬೇಕಾದುದಕ್ಕಿಂತ ಹೆಚ್ಚು ನೀರನ್ನು ಹಾಯಿಸಿಕೊಂಡರೆ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನಾಲೆಯ ಕೊನೆಯಂಚಿನವರ ಪೈರು ಬಾಡುವುದು. ವಿದ್ಯುತ್ತಿನ ತಂತಿಯೂ ಒಂದು ನಾಲೆಯೇ. ಪರಿವರ್ತಕದ ಹತ್ತಿರದ ದೊಡ್ಡ ಮನೆಯಲ್ಲಿ ದೀಪಗಳು ಝಗಝಗಿಸುತ್ತಿರುವಾಗ ತಂತಿಯ ಕೊನೆಯಲ್ಲಿರುವ ಕೇರಿಯಲ್ಲಿ ವಿದ್ಯುತ್ತಿನ ಒತ್ತಡವು ಕುಗ್ಗಿ ದೀಪವು ಮಂಕಾಗುವುದು. ತಲೆಯ ಭಾಗದವರು ಮಿತವಾಗಿ ಬಳಸಿದಲ್ಲದೆ ಕೊನೆಯವರಿಗೆ ಪೂರ್ಣವಾಗಿ ತಲಪದು.

೨೦೨೩ರಲ್ಲಿ ಮುಂಗಾರು ಕೈಕೊಟ್ಟು ಕೃಷ್ಣರಾಜಸಾಗರವು ತುಂಬದೆ ಹೋದುದೂ, ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ರಾಜ್ಯದಾದ್ಯಂತ ವಿದ್ಯುತ್ತಿನ ಅಭಾವವುಂಟಾಗಿ ಪಂಪ್‌ಸೆಟ್ಟುಗಳಿಗೆ ಕೊಡುವ ಹೊತ್ತು ಕಡಿಮೆಯಾದುದೂ ರೈತರ ನೆನಪಿನಲ್ಲಿ ಹಸಿಯಾಗಿಯೇ ಇರಬೇಕು. ಮಳೆಯು ಬಾರದಿದ್ದರೆ ನಾಲೆಯ ನೀರಿಗೂ ಜಲವಿದ್ಯುತ್ತಿಗೂ ಒಟ್ಟಿಗೇ ಕೊರತೆ ಬರುವುದು. ಮನೆಯ ಮಾರ್ಗವೂ ಪಂಪ್‌ಸೆಟ್ಟಿನ ಮಾರ್ಗವೂ ಈಗ ಅನೇಕ ಕಡೆ ಬೇರೆ ಬೇರೆಯಾಗಿರುವುದು ನಿಜ. ಆದರೂ ಎರಡಕ್ಕೂ ಮೂಲವೊಂದೇ. ಸಂಜೆ ಮನೆಗಳಲ್ಲಿ ಪೋಲಾದುದು ಬೆಳೆಗೆ ಒದಗಲಾರದು.

ಮೊದಲು ಬೆಳಗಬೇಕಾದ ಸ್ಥಳಗಳು

ಉಳಿತಾಯದ ಮಾತು ಇಷ್ಟಾಯಿತು. ಆದರೆ ಉಳಿತಾಯವೇ ಈ ದೀಪದ ಮುಖ್ಯ ಗುಣವೆಂದು ಭಾವಿಸುವುದು ಸರಿಯಲ್ಲ. ಹಿಂದೆ ದೀಪವಿಲ್ಲದಿದ್ದ ಸ್ಥಳಕ್ಕೆ ದೀಪವನ್ನು ಒಯ್ಯುವುದೇ ಇದರ ಹೆಚ್ಚಿನ ಉಪಯೋಗ. ಗ್ರಾಮಗಳಲ್ಲಿ ಈಗ ಕಾಣಬರುತ್ತಿರುವುದು ಇದಕ್ಕೆ ವಿರುದ್ಧವಾಗಿದೆ. ಮನೆಯ ಮುಂಭಾಗದಲ್ಲಿ ಸಾಲುದೀಪಗಳು, ಹಜಾರದಲ್ಲಿ ಬಣ್ಣಬಣ್ಣದ ದೀಪಗಳು. ಹಿಂದಿನ ಕೊಟ್ಟಿಗೆಯಲ್ಲಿ, ಹಿತ್ತಲ ದಾರಿಯಲ್ಲಿ, ಆಳುಗಳ ಬಿಡಾರದಲ್ಲಿ ಎಂದಿನ ಕತ್ತಲೆ. ಇದೂ ದೀಪದ ಬುಡದ ಕತ್ತಲೆಯೇ.

ಕೊಟ್ಟಿಗೆಯ ವಿಚಾರವನ್ನು ಮೊದಲು ಹೇಳಬೇಕು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಡೈರಿಗೆ ಹಾಲು ಹೋಗುವ ಈ ಸೀಮೆಯಲ್ಲಿ ಹೆಂಗಸರು ನಸುಕಿನಲ್ಲಿಯೇ ಎದ್ದು ಹಾಲು ಕರೆಯುವರು. ಕತ್ತಲೆಯಲ್ಲಿ ಕರೆದರೆ ಕೆಚ್ಚಲಿನ ಬಾವು, ಹಾಲಿನಲ್ಲಿನ ಗರಣೆ, ರಕ್ತದ ಎಳೆ ಇವು ಕಣ್ಣಿಗೆ ಬೀಳುವುದಿಲ್ಲ. ರೋಗವು ಬಲಿತ ಮೇಲೆಯೇ ತಿಳಿಯುವುದು. ಮೇವಿನ ಮೆದೆ, ಸೌದೆಯ ರಾಶಿ, ಇಲಿಗಳ ಬಿಲ ಇವುಗಳ ನೆರೆಯಲ್ಲಿ ಹಾವುಗಳು ಸುಳಿಯುವುದು ಸಹಜ. ಮಳೆಗಾಲದ ರಾತ್ರಿಗಳಲ್ಲಿ ನಾಗರಹಾವು, ಕೊಳಕುಮಂಡಲಗಳನ್ನು ತುಳಿದು ಪ್ರಾಣಾಪಾಯಕ್ಕೆ ಗುರಿಯಾಗುವವರು ಬಹುಮಟ್ಟಿಗೆ ಹೊಲಗದ್ದೆ ಕೊಟ್ಟಿಗೆಗಳಲ್ಲಿ ದುಡಿಯುವವರೇ ಆಗಿರುವರು. ಕೊಟ್ಟಿಗೆಯಲ್ಲಿ ಒಂದು ೯ ವ್ಯಾಟಿನ ದೀಪವು ದಿನಕ್ಕೆ ಮೂರು ಗಂಟೆ ಉರಿದರೆ ತಿಂಗಳಿಗೆ ಒಂದು ಯೂನಿಟ್ಟೂ ಆಗದು. ಇಷ್ಟು ಅಲ್ಪವಾದುದಕ್ಕಾಗಿ ಮನೆಯ ಹೆಣ್ಣುಮಗಳನ್ನು ಕತ್ತಲೆಗೆ ಕಳುಹಿಸುವುದು ಯಾವ ಯಜಮಾನನಿಗೂ ಶೋಭೆಯಲ್ಲ.

ಎರಡನೆಯದು ಆಲೆಮನೆ. ಮಂಡ್ಯ, ಮದ್ದೂರಿನ ಕಡೆ ಆಲೆಮನೆಗಳಲ್ಲಿ ಕೆಲಸವು ರಾತ್ರಿಯೂ ನಡೆಯುವುದುಂಟು. ಗಾಣಕ್ಕೆ ಕಬ್ಬನ್ನು ಕೊಡುವವನ ಕೈಗೂ ಕುದಿಯುವ ಕೊಪ್ಪರಿಗೆಯ ಬಳಿ ನಿಂತವನ ಮೈಗೂ ಅಪಾಯವಾಗುವುದು ನಿದ್ದೆ, ಹೊಗೆ, ಮಬ್ಬು ಬೆಳಕು ಈ ಮೂರೂ ಕೂಡಿದಾಗಲೇ. ಗಾಣದ ದೀಪವನ್ನು ಕೆಲಸಗಾರನ ಬೆನ್ನ ಹಿಂದೆ ಇಡಬಾರದು. ಇಟ್ಟರೆ ಅವನ ನೆರಳೇ ಗಾಣದ ಬಾಯನ್ನು ಮುಚ್ಚುವುದು. ಎದುರಿಗೆ ಅಥವಾ ಪಕ್ಕಕ್ಕೆ ಮೇಲ್ಗಡೆ ಕಟ್ಟತಕ್ಕದ್ದು. ಅಲ್ಲದೆ ಕೀಳುದರ್ಜೆಯ ಬಲ್ಬುಗಳು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಮಿಣುಕುವುದರಿಂದ, ಅವುಗಳ ಕೆಳಗೆ ತಿರುಗುವ ಚಕ್ರವು ನಿಂತಂತೆ ಭ್ರಮೆಯಾಗುವ ಸಂಭವವುಂಟು. ಯಂತ್ರವಿರುವೆಡೆ ನಾಲ್ಕು ಕಾಸು ಹೆಚ್ಚಾದರೂ ಉತ್ತಮ ಬಲ್ಬನ್ನೇ ಹಾಕತಕ್ಕದ್ದು.

ಮೂರನೆಯದು ಕೂಲಿಯವರ ಬಿಡಾರ. ಕಬ್ಬು ಕಡಿಯಲು ಹೊರಜಿಲ್ಲೆಗಳಿಂದ ಹೆಂಡಿರು ಮಕ್ಕಳೊಡನೆ ಬರುವವರು ಹೊಲದ ಅಂಚಿನಲ್ಲಿ ಜೋಪಡಿ ಹಾಕಿಕೊಂಡು ತಿಂಗಳುಗಟ್ಟಲೆ ಇರುವರು. ಅಲ್ಲಿ ಬುಡ್ಡಿಯ ಕಿಡಿಯೊಂದು ಒಣಗರಿಗೆ ತಾಗಿದರೆ ಮುಂದಿನ ಅನರ್ಥವನ್ನು ಹೇಳಬೇಕಾಗಿಲ್ಲ. ಕಂಬದ ತಂತಿಗೆ ಕೊಕ್ಕೆ ಹಾಕಿ ಬೆಳಕು ಪಡೆಯುವುದು ಅಪರಾಧವೂ ಹೌದು, ಪ್ರಾಣಕ್ಕೆ ಎರವೂ ಹೌದು. ಸೂರ್ಯನ ಬಿಸಿಲಿನಿಂದ ಶಕ್ತಿಯನ್ನು ತುಂಬಿಕೊಂಡು ರಾತ್ರಿ ಉರಿಯುವ ಎಲ್.ಇ.ಡಿ. ಲಾಟೀನುಗಳು ಈಗ ದೊರೆಯುತ್ತಿರುವುವು. ಕಬ್ಬಿನ ಒಡೆಯನು ಜೋಪಡಿಗೊಂದರಂತೆ ಇವನ್ನು ಕೊಳ್ಳಬಹುದು. ಕಟಾವು ಮುಗಿದ ಮೇಲೆ ಅವು ಅವನ ಹೊಲಕಾವಲಿಗೂ ನೀರು ಕಟ್ಟುವ ಕೆಲಸಕ್ಕೂ ಒದಗುವುವು.

ಬೇಸಾಯದಲ್ಲಿ ಗಮನಿಸತಕ್ಕ ಅಂಶಗಳು

ಹೊಸ ದೀಪವು ಎಲ್ಲ ಕೆಲಸಕ್ಕೂ ತಕ್ಕುದೆಂದು ಭಾವಿಸಬಾರದು. ಇದು ಬಿಸಿಯನ್ನು ಕೊಡದು. ಕೋಳಿಮರಿಗಳಿಗೆ ಕಾವು ಕೊಡಲು ಹಳೆಯ ಬಲ್ಬುಗಳನ್ನು ಬಳಸುತ್ತಿದ್ದವರು ಅದೇ ಸ್ಥಳಕ್ಕೆ ಎಲ್.ಇ.ಡಿ.ಯನ್ನು ಹಾಕಿದರೆ ಮರಿಗಳು ಬೆಳಕಿನಲ್ಲಿಯೇ ಚಳಿಗೆ ಸಾಯುವುವು. ಚಾಕಿ ಹುಳುಗಳ ಕೊಠಡಿಯಲ್ಲಿ ಚಳಿಗಾಲದ ಕಾವಿಗೂ ಈ ಮಾತು ಅನ್ವಯಿಸುವುದು. ಕಾವಿಗೆ ಬೇರೆ ಏರ್ಪಾಡು ಬೇಕು. ಬೆಳಕಿಗೆ ಮಾತ್ರ ಈ ದೀಪ.

ರೇಷ್ಮೆ ಸಾಕಣೆಯಲ್ಲಿ ಇನ್ನೊಂದು ಸೂಕ್ಷ್ಮವುಂಟು. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟಮೇಲೆ ಪ್ರಖರವಾದ ಬೆಳಕು ಒಂದೇ ಕಡೆಯಿಂದ ಬಿದ್ದರೆ ಅವು ನೆರಳಿನ ಕಡೆಗೆ ಸರಿದು ಒತ್ತಾಗಿ ಸೇರಿಕೊಳ್ಳುವುವು. ಜೋಡಿಗೂಡುಗಳೂ ಕೊಳೆಗೂಡುಗಳೂ ಹೆಚ್ಚುವುವು. ಆ ದಿನಗಳಲ್ಲಿ ಮನೆಯೆಲ್ಲ ಸಮನಾದ ಮಂದ ಬೆಳಕಿರುವಂತೆ ನೋಡಿಕೊಳ್ಳತಕ್ಕದ್ದು. ದೀಪವು ಅಗ್ಗವಾಯಿತೆಂದು ಸಾಕಣೆಮನೆಯನ್ನು ಹಗಲು ಮಾಡುವುದು ಲಾಭಕರವಲ್ಲ.

ದೀಪಕ್ಕೆ ಹುಳುಗಳು ಮುತ್ತುವುದನ್ನು ರೈತನು ತನ್ನ ಅನುಕೂಲಕ್ಕೂ ತಿರುಗಿಸಿಕೊಳ್ಳಬಹುದು. ಭತ್ತದ ಗದ್ದೆಯ ಬದುವಿನಲ್ಲಿ ದೀಪವನ್ನು ಕಟ್ಟಿ, ಅದರ ಕೆಳಗೆ ಸ್ವಲ್ಪ ಸೀಮೆಎಣ್ಣೆ ಅಥವಾ ಸಾಬೂನು ಬೆರಸಿದ ನೀರಿನ ಬಾಣಲಿಯನ್ನಿಟ್ಟರೆ ಕಾಂಡಕೊರಕದ ಪತಂಗಗಳೂ ಜಿಗಿಹುಳುಗಳೂ ಅದರಲ್ಲಿ ಬೀಳುವುವು. ಮುಂಗಾರಿನ ಮೊದಲ ಮಳೆಗಳ ಅನಂತರ ಹೊರಬರುವ ಗೊಣ್ಣೆಹುಳುವಿನ ದುಂಬಿಗಳನ್ನು ಕಬ್ಬಿನ ತೋಟದ ಬಳಿ ಹೀಗೆಯೇ ಹಿಡಿಯಬಹುದು. ಕೀಟಗಳಿಗೆ ನೀಲಿ ಮತ್ತು ನೇರಳೆಯ ಕಡೆಗಿರುವ ಬೆಳಕು ಹೆಚ್ಚು ಆಕರ್ಷಕವಾದ ಕಾರಣ ಬಲೆಗೆ ಅಂಥ ದೀಪವು ಮೇಲು. ಉಪಕಾರಿ ಕೀಟಗಳೂ ದೀಪಕ್ಕೆ ಬೀಳುವುದರಿಂದ ರಾತ್ರಿಯೆಲ್ಲ ಉರಿಸದೆ ಸಂಜೆ ಏಳರಿಂದ ಹತ್ತರವರೆಗೆ ಮಾತ್ರ ಉರಿಸತಕ್ಕದ್ದು. ಇದಕ್ಕೆ ಪ್ರತಿಯಾಗಿ ಗದ್ದೆಬಯಲಿನ ನೆರೆಯ ಮನೆಗಳಲ್ಲಿ ಅಡಿಗೆಮನೆಗೂ ಜಗುಲಿಗೂ ಹಳದಿ ಛಾಯೆಯ ಬಲ್ಬನ್ನು ಹಾಕಿದರೆ ಹುಳುಗಳ ಕಾಟವು ಬಿಳಿಯ ಬಲ್ಬಿಗಿಂತ ಕಡಿಮೆಯಾಗುವುದು.

ದೀಪದ ಆಯ್ಕೆಯೂ ಪಾಲನೆಯೂ

ಬಿತ್ತನೆಯ ಬೀಜವನ್ನು ಗುರುತು ನೋಡದೆ ಕೊಂಡವನು ಬೆಳೆಯ ಕಾಲದಲ್ಲಿ ಪರಿತಪಿಸುವನು. ಬಲ್ಬಿನ ವಿಷಯವೂ ಹಾಗೆಯೇ. ಸಂತೆಯಲ್ಲಿ ಹೆಸರಿಲ್ಲದ ಬಲ್ಬುಗಳು ಅರ್ಧ ಬೆಲೆಗೆ ದೊರೆಯುವುವು. ಅನೇಕ ವೇಳೆ ಮೂರು ತಿಂಗಳಲ್ಲಿ ಕೆಡುವುವು. ಒಳ್ಳೆಯ ಬಲ್ಬು ೨೫,೦೦೦ ಗಂಟೆ ಬಾಳುವುದೆಂದು ತಯಾರಕರು ಹೇಳುವರು. ಅದರ ಹರಳುಗಳು ಅಷ್ಟು ಬಾಳಬಹುದಾದರೂ, ಬುಡದಲ್ಲಿ ಅಡಗಿರುವ ವಿದ್ಯುತ್ತನ್ನು ಹದಗೊಳಿಸುವ ಸಣ್ಣ ಉಪಕರಣವು ಅಷ್ಟು ಗಟ್ಟಿಯಾಗಿಲ್ಲದಿದ್ದರೆ ಬಲ್ಬು ಬೇಗನೆ ಕೆಡುವುದು. ಅಗ್ಗದ ಬಲ್ಬುಗಳಲ್ಲಿ ಕೊರೆಯಾಗಿರುವುದು ಈ ಉಪಕರಣವೇ. ಆದಕಾರಣ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತೂ ನಕ್ಷತ್ರದ ಗುರುತೂ ಇರುವುದನ್ನು ನೋಡತಕ್ಕದ್ದು. ವ್ಯಾಟ್ ಎಂಬುದು ಖರ್ಚಿನ ಅಳತೆ, ಲ್ಯೂಮೆನ್ ಎಂಬುದು ಬೆಳಕಿನ ಅಳತೆ. ಎರಡು ಬಲ್ಬುಗಳ ವ್ಯಾಟ್ ಒಂದೇ ಆಗಿದ್ದರೆ ಲ್ಯೂಮೆನ್ ಹೆಚ್ಚಿರುವುದನ್ನು ಆರಿಸತಕ್ಕದ್ದು. ರಸೀತಿಯನ್ನೂ ಖಾತರಿಯ ಚೀಟಿಯನ್ನೂ ಜೋಪಾನವಾಗಿಟ್ಟುಕೊಂಡು, ಅವಧಿಯೊಳಗೆ ಕೆಟ್ಟ ಬಲ್ಬನ್ನು ಸಂಕೋಚಪಡದೆ ಅಂಗಡಿಗೆ ಹಿಂದಿರುಗಿಸತಕ್ಕದ್ದು.

ಬಲ್ಬಿನ ಬುಡಕ್ಕೆ ಗಾಳಿ ಬೇಕು. ಸುತ್ತಲೂ ಮುಚ್ಚಿದ ಗೂಡಿನಲ್ಲಿ ಅದರ ಆಯುಸ್ಸು ಕುಂದುವುದು. ಗುಡುಗು ಸಿಡಿಲಿನ ಸಮಯದಲ್ಲಿ ದೀಪಗಳನ್ನು ಆರಿಸುವುದು ಕ್ಷೇಮ. ಕೊಟ್ಟಿಗೆಯಲ್ಲಿ ಧೂಳು, ಜೇಡರಬಲೆಗಳನ್ನು ವಾರಕ್ಕೊಮ್ಮೆ ದೀಪವನ್ನು ಆರಿಸಿ ಒಣಬಟ್ಟೆಯಿಂದ ಒರಸಿದರೆ ಬೆಳಕು ಮಂಕಾಗದು.

ಕೆಟ್ಟುಹೋದ ದೀಪಗಳ ವಿಷಯದಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಟ್ಯೂಬ್‌ಲೈಟುಗಳಲ್ಲಿಯೂ ಸುರುಳಿಯಾಕಾರದ ಸಿ.ಎಫ್.ಎಲ್. ಬಲ್ಬುಗಳಲ್ಲಿಯೂ ಪಾದರಸವಿರುವುದು. ಇವನ್ನು ತಿಪ್ಪೆಗೆಸೆದರೆ ಗಾಜಿನ ಚೂರೂ ಪಾದರಸವೂ ಗೊಬ್ಬರದೊಡನೆ ಗದ್ದೆಗೆ ಹೋಗುವುವು. ಒಂದು ನಾಟಿಯವಳ ಕಾಲಿಗೆ, ಇನ್ನೊಂದು ಮಣ್ಣಿಗೆ ಕೇಡು. ಎಲ್.ಇ.ಡಿ.ಯಲ್ಲಿ ಪಾದರಸವಿಲ್ಲ, ಆದರೂ ಅದರ ಪ್ಲಾಸ್ಟಿಕ್ಕು, ಲೋಹದ ಭಾಗಗಳು ಮಣ್ಣಿನಲ್ಲಿ ಕರಗುವಂಥವಲ್ಲ. ಇವೆಲ್ಲವನ್ನೂ ಪ್ರತ್ಯೇಕವಾಗಿ ಕೂಡಿಟ್ಟು ಪಂಚಾಯತಿಯ ಕಸ ಸಂಗ್ರಹಣೆಗೆ ಒಪ್ಪಿಸತಕ್ಕದ್ದು.

ಬೀದಿಯ ದೀಪ

ಮನೆಯ ದೀಪವನ್ನು ಆರಿಸಲು ಮನೆಯೊಡೆಯನಿರುವನು. ಬೀದಿಯ ದೀಪಕ್ಕೆ ಒಡೆಯರಾರು? ಹಲವು ಗ್ರಾಮಗಳಲ್ಲಿ ಬೀದಿದೀಪಗಳು ಹಗಲೆಲ್ಲ ಉರಿಯುತ್ತಿರುವುದನ್ನೂ, ಕೆರೆಯ ಏರಿ, ಶಾಲೆಯ ದಾರಿ, ಊರ ಹೊರಗಿನ ಕೇರಿಗಳಲ್ಲಿ ರಾತ್ರಿಯೂ ಉರಿಯದಿರುವುದನ್ನೂ ದಾರಿಹೋಕರು ಕಾಣಬಹುದು. ಹಗಲು ಉರಿದ ದೀಪದ ಹಣವನ್ನು ತೆರುವುದು ಪಂಚಾಯತಿಯೇ. ಆ ಹಣವು ಚರಂಡಿಗೋ ಕುಡಿಯುವ ನೀರಿಗೋ ಸಲ್ಲಬೇಕಾದುದು. ಬೀದಿದೀಪಗಳಿಗೆ ಪ್ರತ್ಯೇಕ ತಂತಿಯನ್ನೂ ಒಂದು ಸ್ವಿಚ್ಚನ್ನೂ ಹಾಕಿಸಿ, ನೀರು ಬಿಡುವ ನೀರುಗಂಟಿಗೆ ಸಂಜೆ ಹೊತ್ತಿಸಿ ಬೆಳಿಗ್ಗೆ ಆರಿಸುವ ಹೊಣೆಯನ್ನು ಒಪ್ಪಿಸಿದರೆ ಅರ್ಧ ತೊಂದರೆಯು ತೀರುವುದು. ಉಳಿದರ್ಧವು ದೀಪಗಳ ಹಂಚಿಕೆಯದು. ಯಜಮಾನರ ಮನೆಯ ಮುಂದೆ ಎರಡು, ಕೇರಿಯ ಕೊನೆಗೆ ಒಂದೂ ಇಲ್ಲ ಎಂಬ ಸ್ಥಿತಿಯು ಎಲ್ಲಿಯೇ ಇರಲಿ, ಅದನ್ನು ಸರಿಪಡಿಸುವುದು ಆ ಯಜಮಾನರಿಗೇ ಗೌರವ.

ಮುಖಂಡರು ಮಾಡಬಹುದಾದುದು

ಈ ಕಾರ್ಯಕ್ಕೆ ಹೊಸ ಕಾನೂನಾಗಲಿ ಹೆಚ್ಚಿನ ಹಣವಾಗಲಿ ಬೇಡ. ಮೊದಲನೆಯದಾಗಿ, ಊರಿನಲ್ಲಿ ಇನ್ನೂ ಎಷ್ಟು ಹಳೆಯ ಬಲ್ಬುಗಳು ಉರಿಯುತ್ತಿರುವುವು, ಯಾವ ಕೊಟ್ಟಿಗೆ, ಯಾವ ಗುಡಿಸಲಿನಲ್ಲಿ ದೀಪವಿಲ್ಲ ಎಂಬುದನ್ನು ಒಂದು ದಿನ ಶಾಲೆಯ ಮಕ್ಕಳ ಸಹಾಯದಿಂದ ಎಣಿಸಿ ಬರೆಸಬಹುದು. ಎರಡನೆಯದಾಗಿ, ಹಾಲು ಉತ್ಪಾದಕರ ಸಂಘವೋ ಮಹಿಳಾ ಸ್ವಸಹಾಯ ಸಂಘವೋ ಒಟ್ಟಾಗಿ ಬಲ್ಬುಗಳನ್ನು ಕೊಂಡು ಕಂತಿನ ಮೇಲೆ ಹಂಚಬಹುದು. ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯುವುದು, ಖಾತರಿಯ ಬಗ್ಗೆ ಅಂಗಡಿಯವನನ್ನು ಕೇಳುವ ಬಲವೂ ಬರುವುದು. ದೇಶದ ಮಟ್ಟದಲ್ಲಿ ೩೧೦ ರೂಪಾಯಿಯು ೪೦ಕ್ಕೆ ಇಳಿದುದು ಒಟ್ಟಾಗಿ ಕೊಂಡುದರಿಂದಲೇ ಅಲ್ಲವೆ? ಮೂರನೆಯದಾಗಿ, ಹೊಸದನ್ನು ಕೊಡುವಾಗ ಹಳೆಯದನ್ನು ಹಿಂದಕ್ಕೆ ಪಡೆಯತಕ್ಕದ್ದು. ೨೦೨೧ರ ಮಾರ್ಚ್ ತಿಂಗಳಲ್ಲಿ ಬಿಹಾರದ ಆರಾ ಎಂಬಲ್ಲಿ ಆರಂಭವಾದ ಗ್ರಾಮ ಉಜಾಲಾ ಕಾರ್ಯಕ್ರಮದಲ್ಲಿ, ಉರಿಯುವ ಹಳೆಯ ಬಲ್ಬನ್ನು ಒಪ್ಪಿಸಿದವರ ಮನೆಗೆ ೧೦ ರೂಪಾಯಿಗೆ ಎಲ್.ಇ.ಡಿ. ಬಲ್ಬನ್ನು ಕೊಟ್ಟರು. ಹಳೆಯದನ್ನು ಹಿಂದಕ್ಕೆ ಪಡೆಯದಿದ್ದರೆ ಅದು ಹಜಾರದಿಂದ ಬಚ್ಚಲಿಗೆ ಹೋಗಿ ಉರಿಯುತ್ತಲೇ ಇರುವುದು. ನಾಲ್ಕನೆಯದಾಗಿ, ಜಮೀನುದಾರನು ತನ್ನ ಮನೆಯಿಂದಲೇ ಆರಂಭಿಸತಕ್ಕದ್ದು. ದೊಡ್ಡ ಮನೆಯಲ್ಲಿ ಕಂಡುದನ್ನು ಊರು ಅನುಸರಿಸುವುದು.

ಶಿವನಸಮುದ್ರದ ಶಕ್ತಿಯು ೧೯೦೨ರಲ್ಲಿ ೯೨ ಮೈಲಿಗಳನ್ನು ದಾಟಿ ಕೋಲಾರಕ್ಕೆ ಹೋಯಿತು. ಇಂದು ಅದು ಹಾಯಬೇಕಾದ ದೂರವು ಮುಂಬಾಗಿಲಿನಿಂದ ಕೊಟ್ಟಿಗೆಯವರೆಗೆ, ಊರ ಮುಂದಿನ ಕಂಬದಿಂದ ಕೊನೆಯ ಕೇರಿಯವರೆಗೆ ಮಾತ್ರ. ಈ ದೂರವನ್ನು ಯಾವ ಇಂಜಿನಿಯರೂ ಬಂದು ದಾಟಿಸಲಾರನು. ಗ್ರಾಮದ ಮುಖಂಡರೇ ದಾಟಿಸಬೇಕು. ಮುಂಬರುವ ಕಬ್ಬಿನ ಕಟಾವಿಗೆ ಮುಂಚೆ ಪ್ರತಿಯೊಬ್ಬ ಜಮೀನುದಾರನೂ ತನ್ನ ಕೊಟ್ಟಿಗೆಗೆ ಒಂದು, ಆಲೆಮನೆಯ ಗಾಣಕ್ಕೆ ಒಂದು, ಕೂಲಿಯವರ ಬಿಡಾರಕ್ಕೆ ಒಂದು ದೀಪವನ್ನು ಒದಗಿಸಿದನೆಂದರೆ, ಅಲ್ಪವಾದ ವೆಚ್ಚದಿಂದ ಅನೇಕರ ಪ್ರಾಣವನ್ನೂ ಅಂಗಾಂಗಗಳನ್ನೂ ಕಾಪಾಡಿದ ಪುಣ್ಯಕ್ಕೆ ಭಾಗಿಯಾಗುವನೆಂಬುದರಲ್ಲಿ ಸಂದೇಹವಿಲ್ಲ.